ಗೆರೆ ಎಳೆಯುವವರು ಕಾರಣವನ್ನೂ ಬರೆಯಲಿ

ಬಳ್ಳಾರಿ, ಕೊಪ್ಪಳ ಮತ್ತು ರಾಯಚೂರು ಲೋಕಸಭಾ ಕ್ಷೇತ್ರಗಳ ಮಾನ್ಯ ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಲೋಕಸಭೆಯಲ್ಲಿ ರಾಜ್ಯಗಳಿಗೆ ಹಂಚಿಕೆಯಾದ ಸ್ಥಾನಗಳ ಸಂಖ್ಯೆಯನ್ನು 1976ರ 42ನೆಯ ತಿದ್ದುಪಡಿ ಕಟ್ಟಿಹಾಕಿತು. 2001ರಲ್ಲಿ ಅಂಗೀಕಾರವಾದ 84ನೆಯ ತಿದ್ದುಪಡಿ ಆ ಕಟ್ಟನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. 2027ರ ಮಾರ್ಚ್ 1ನ್ನು ಆಧಾರ ದಿನವಾಗಿ ಇಟ್ಟುಕೊಂಡಿರುವ ಜನಗಣತಿಯ ಅಂಕಿಗಳು ಹೊರಬಂದರೆ ಆ ಕಟ್ಟು ತಾನಾಗಿ ಸಡಿಲವಾಗುತ್ತದೆ; ಆಮೇಲೆ ಕ್ಷೇತ್ರಗಳ ಗಡಿಗಳನ್ನು ಹೊಸದಾಗಿ ಬರೆಯುವ ಕೆಲಸ ನಡೆಯಬೇಕಾಗುತ್ತದೆ. ಆ ಕೆಲಸವನ್ನು ಯಾರು ಮಾಡಬೇಕು, ಹೇಗೆ ಮಾಡಬೇಕು ಎಂಬುದನ್ನು ಹೇಳುವ ಕಾಯ್ದೆಗೆ ಸಂಸತ್ತಿನಲ್ಲಿ ಮತ ಹಾಕುವವರು ತಾವು. ಆದ್ದರಿಂದ ಈ ಪತ್ರವನ್ನು ತಮಗೆ ಬರೆಯುತ್ತಿದ್ದೇನೆ.

ಉತ್ತರದ ರಾಜ್ಯಗಳಿಗೆ ಎಷ್ಟು ಸ್ಥಾನ ಹೆಚ್ಚಬೇಕು, ಕರ್ನಾಟಕದ 28 ಸ್ಥಾನಗಳ ಗತಿ ಏನಾಗಬೇಕು ಎಂಬ ಚರ್ಚೆ ಪತ್ರಿಕೆಗಳಲ್ಲಿ, ಸಭೆಗಳಲ್ಲಿ ಜೋರಾಗಿಯೇ ನಡೆದಿದೆ. ಅದು ದೊಡ್ಡ ಪ್ರಶ್ನೆ; ಅದರ ಬಗ್ಗೆ ಮಾತನಾಡಲು ತಮ್ಮ ಪಕ್ಷಗಳಲ್ಲಿ ಬಲ್ಲವರಿದ್ದಾರೆ. ನನ್ನ ಕಾಳಜಿ ಅದರ ನಂತರದ್ದು. ನಮ್ಮ ರಾಜ್ಯಕ್ಕೆ ಎಷ್ಟೇ ಸ್ಥಾನಗಳು ಬರಲಿ, ಯಾರೋ ಒಬ್ಬರು ನಕ್ಷೆಯ ಮುಂದೆ ಕೂತು ಈ ಹೋಬಳಿ ಈ ಕಡೆಗೆ, ಆ ಹೋಬಳಿ ಆ ಕಡೆಗೆ ಎಂದು ತೀರ್ಮಾನಿಸಲೇಬೇಕು. ಆ ಗೆರೆ ಎಳೆಯುವ ಕೈ ಯಾವ ಸರ್ಕಾರಕ್ಕೂ ಯಾವ ಪಕ್ಷಕ್ಕೂ ಕಟ್ಟುಬಿದ್ದಿರಬಾರದು ಎಂಬುದು ನನ್ನ ಮೊದಲ ಕೋರಿಕೆ. ಎಳೆದ ಪ್ರತಿಯೊಂದು ಗೆರೆಗೂ ಆ ಕೈ ಕಾರಣವನ್ನು ಬರೆದಿಡಬೇಕು ಎಂಬುದು ಎರಡನೆಯ ಕೋರಿಕೆ. ಎರಡನೆಯದು ಇಲ್ಲದೆ ಮೊದಲನೆಯದು ಪೂರ್ತಿಯಾಗುವುದಿಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ.

ನಾನು ಸಿಂಧನೂರಿನವನು. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು. ನನ್ನ ಜಿಲ್ಲೆ ರಾಯಚೂರು, ನನ್ನ ಲೋಕಸಭಾ ಕ್ಷೇತ್ರ ಕೊಪ್ಪಳ. ಪಕ್ಕದ ಮಸ್ಕಿಯದೂ ಇದೇ ಸ್ಥಿತಿ. ತುಂಗಭದ್ರೆಯ ಆಚೆ ದಂಡೆಯ ಸಿರುಗುಪ್ಪ ಬಳ್ಳಾರಿ ಜಿಲ್ಲೆಯಲ್ಲಿದ್ದರೂ ಅಲ್ಲಿಯವರು ಸಂಸದರನ್ನು ಆರಿಸುವುದು ಕೊಪ್ಪಳಕ್ಕೆ. ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರ, ಯಾದಗಿರಿ ಕ್ಷೇತ್ರಗಳು ರಾಯಚೂರು ಲೋಕಸಭೆಗೆ ಸೇರಿವೆ. ಹರಪನಹಳ್ಳಿಯ ಕಥೆ ಇನ್ನೂ ವಿಚಿತ್ರ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋದ ಆ ತಾಲ್ಲೂಕು ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿಯ ಸೌಲಭ್ಯಕ್ಕಾಗಿ ದೀರ್ಘಕಾಲ ಹೋರಾಡಿ 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಆದರೆ ಲೋಕಸಭೆಗೆ ಮಾತ್ರ ಇಂದಿಗೂ ದಾವಣಗೆರೆ ಕ್ಷೇತ್ರದಲ್ಲೇ ಇದೆ. ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕನ್ನು ದೆಹಲಿಯಲ್ಲಿ ಪ್ರತಿನಿಧಿಸುವವರ ಕ್ಷೇತ್ರದ ಉಳಿದ ಭಾಗವೆಲ್ಲ ಕಲ್ಯಾಣ ಕರ್ನಾಟಕದ ಹೊರಗಿದೆ.

ಇವೆಲ್ಲವೂ ತಪ್ಪು ಎಂದು ನಾನು ಹೇಳುತ್ತಿಲ್ಲ. ಒಂದು ವಿಧಾನಸಭಾ ಕ್ಷೇತ್ರ ಪೂರ್ತಿಯಾಗಿ ಒಂದೇ ಲೋಕಸಭಾ ಕ್ಷೇತ್ರದೊಳಗೆ ಬರಬೇಕು, ಕ್ಷೇತ್ರಗಳ ಜನಸಂಖ್ಯೆ ಆದಷ್ಟು ಸಮವಾಗಿರಬೇಕು ಎಂಬ ನಿಯಮಗಳನ್ನು ಪಾಲಿಸುವಾಗ ಜಿಲ್ಲೆಯ ಗಡಿಯನ್ನು ದಾಟಲೇಬೇಕಾದ ಸಂದರ್ಭ ಬರುತ್ತದೆ. ಆದರೆ ದಾಟುವಾಗ ಸಿಂಧನೂರನ್ನೇ ಏಕೆ ಆರಿಸಿದರು, ಲಿಂಗಸುಗೂರನ್ನು ಏಕೆ ಆರಿಸಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಹುಡುಕಿದರೆ ಎಲ್ಲಿಯೂ ಸಿಗುವುದಿಲ್ಲ. ಈಗಿನ ಕ್ಷೇತ್ರಗಳ ಗಡಿಗಳನ್ನು ನಿಗದಿ ಮಾಡಿದ 2008ರ ಆದೇಶದಲ್ಲಿ ಇರುವುದು ತಾಲ್ಲೂಕು, ಹೋಬಳಿ, ಕಂದಾಯ ವೃತ್ತ, ವಾರ್ಡುಗಳ ಪಟ್ಟಿ ಮಾತ್ರ. ಆ ವರ್ಷದ ಮೇ ತಿಂಗಳಲ್ಲಿ, ಹೊಸ ಗಡಿಗಳ ಪ್ರಕಾರ ದೇಶದಲ್ಲೇ ಮೊದಲು ನಡೆದ ವಿಧಾನಸಭಾ ಚುನಾವಣೆ ನಮ್ಮ ರಾಜ್ಯದ್ದು. ಮಸ್ಟರಿಂಗ್ ಕೇಂದ್ರದಿಂದ ಮತಯಂತ್ರ ತೆಗೆದುಕೊಂಡು ಮತಗಟ್ಟೆಗೆ ಹೋದ ನಮ್ಮಂಥವರನ್ನು ಹಳ್ಳಿಯ ಹಿರಿಯರು ಕೇಳುತ್ತಿದ್ದ ಪ್ರಶ್ನೆ ಒಂದೇ: "ಸರ, ನಮ್ಮೂರನ್ನ ಆ ಕಡೀಗೆ ಯಾಕ ಹಾಕ್ಯಾರ್ರೀ?" ಕುರುಗೋಡು, ಕೊಟ್ಟೂರು, ಕಲ್ಮಲಾ ಎಂಬ ಕ್ಷೇತ್ರಗಳ ಹೆಸರುಗಳೇ ಆಗ ಅಳಿದುಹೋಗಿದ್ದವು, ಇನ್ನೂ ತಾಲ್ಲೂಕು ಕೇಂದ್ರವೂ ಆಗದಿದ್ದ ಮಸ್ಕಿ ಹೊಸ ಕ್ಷೇತ್ರವಾಗಿತ್ತು. ಹಿರಿಯರ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ತಹಶೀಲ್ದಾರರಲ್ಲೂ ಇರಲಿಲ್ಲ.

ಕಾರಣ ಗೊತ್ತಾದರೆ ಏನು ಬದಲಾಗುತ್ತದೆ ಎಂದು ಕೇಳುವವರಿಗೆ ತುಂಗಭದ್ರಾ ಎಡದಂಡೆ ಕಾಲುವೆಯನ್ನು ತೋರಿಸುತ್ತೇನೆ. ಕಾಲುವೆಯ ಮೇಲ್ಭಾಗದ ಗಂಗಾವತಿ, ಕಾರಟಗಿ ಮತ್ತು ನಡುವಿನ ಸಿಂಧನೂರು ಕೊಪ್ಪಳ ಲೋಕಸಭಾ ಕ್ಷೇತ್ರದಲ್ಲಿವೆ. ಕೆಳಭಾಗದ ಮಾನ್ವಿ, ಸಿರವಾರ, ರಾಯಚೂರು ಭಾಗಗಳು ರಾಯಚೂರು ಕ್ಷೇತ್ರದಲ್ಲಿವೆ. ಕೊನೆಯ ಭಾಗಕ್ಕೆ ನೀರು ತಲುಪಲಿಲ್ಲ ಎಂದು ರೈತರು ರಸ್ತೆಗೆ ಇಳಿದಾಗ, ನೀರು ಸಿಕ್ಕವರಿಗೆ ಒಬ್ಬ ಸಂಸದರು, ಸಿಗದವರಿಗೆ ಇನ್ನೊಬ್ಬ ಸಂಸದರು ಎಂಬ ಸ್ಥಿತಿ ಉಂಟಾಗುತ್ತದೆ. ಕಾಲುವೆ ಪೂರ್ತಿಯಾಗಿ ಒಂದೇ ಕ್ಷೇತ್ರದಲ್ಲಿದ್ದರೆ ಒಬ್ಬರೇ ಸಂಸದರು ಎರಡೂ ಕಡೆಯವರನ್ನು ಕೂಡಿಸಿ ಮಾತನಾಡಿಸಬಹುದಿತ್ತು ಎಂದು ಕೆಲವರು ವಾದಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಮೇಲ್ಭಾಗದವರ ಮತಗಳು ಹೆಚ್ಚಾಗಿರುವ ಕ್ಷೇತ್ರದಲ್ಲಿ ಕೆಳಭಾಗದವರ ದನಿ ಮುಳುಗಿಹೋಗುವ ಸಂಭವವೇ ಹೆಚ್ಚು, ಆದ್ದರಿಂದ ಅವರಿಗೆ ತಮ್ಮದೇ ಪ್ರತಿನಿಧಿ ಇರುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಆದರೆ ನನ್ನ ಅಭಿಪ್ರಾಯವಾಗಲಿ ಎದುರು ವಾದವಾಗಲಿ ಗಡಿ ಬರೆದವರ ಮುಂದೆ ಬಂದಿತ್ತೇ, ಬಂದಿದ್ದರೆ ಅದನ್ನು ತೂಗಿ ನೋಡಿದರೇ ಎಂಬುದು ಆದೇಶವನ್ನು ಓದಿದರೆ ತಿಳಿಯುವಂತಿರಬೇಕು. ನೀರು, ಭತ್ತ, ಕೂಲಿ, ಸಾಲ ಎಲ್ಲವೂ ಒಂದೇ ಕಾಲುವೆಗೆ ಅಂಟಿಕೊಂಡಿರುವ ನಾಡಿನಲ್ಲಿ ಇಂಥ ಗೆರೆಯನ್ನು ಕಾರಣ ಹೇಳದೆ ಎಳೆಯುವುದು ನ್ಯಾಯವಲ್ಲ.

ಗಡಿ ಆಯೋಗ ಎಂದರೆ ಏನು, ಅದರ ಬರಹಕ್ಕೆ ಎಷ್ಟು ಬಲವಿದೆ ಎಂಬುದನ್ನು ಬಳ್ಳಾರಿಯ ಜನರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. 1953ರಲ್ಲಿ ಆಂಧ್ರ ರಾಜ್ಯ ರಚನೆಯಾಗುವಾಗ ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರದ ಪಾಲಾದವು. ಬಳ್ಳಾರಿ ತಾಲ್ಲೂಕು ಯಾರದು ಎಂಬ ವಿವಾದ ಮಾತ್ರ ಬಗೆಹರಿಯದೆ ಉಳಿದು, ಹೈದರಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಎಲ್.ಎಸ್. ಮಿಶ್ರಾ ಅವರ ವಿಚಾರಣೆಗೆ ಹೋಯಿತು. ಅವರ ವರದಿಯ ಮೇಲೆ ಆ ತಾಲ್ಲೂಕು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಎರಡೇ ವರ್ಷಗಳಲ್ಲಿ, 1955ರಲ್ಲಿ, ಫಜಲ್ ಅಲಿ ಅವರ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ ತುಂಗಭದ್ರಾ ಯೋಜನೆಯ ಕಾರಣವನ್ನು ಮುಂದಿಟ್ಟು ಬಳ್ಳಾರಿಯ ಭಾಗವನ್ನು ಆಂಧ್ರಕ್ಕೆ ಕೊಡಬೇಕೆಂದು ಶಿಫಾರಸು ಮಾಡಿತು. ಆ ಶಿಫಾರಸು ನಿಲ್ಲಲಿಲ್ಲ. ಇಲ್ಲಿ ನಾವು ಗಮನಿಸಬೇಕಾದ ಒಂದು ಸಂಗತಿ ಇದೆ. ಆ ಆಯೋಗ ಹೇಳಿದ್ದು ನಮ್ಮವರಿಗೆ ಒಪ್ಪಿಗೆಯಾಗದಿದ್ದರೂ ಅದು ಏಕೆ ಹಾಗೆ ಹೇಳಿತು ಎಂಬುದು ಅಚ್ಚಾದ ಪುಟದಲ್ಲಿತ್ತು. ಹಾಗಾಗಿ ಅದಕ್ಕೆ ಉತ್ತರ ಕೊಡಲು ಸಾಧ್ಯವಾಯಿತು. ಕಾರಣ ಇಲ್ಲದ ಪಟ್ಟಿಗೆ ಉತ್ತರ ಕೊಡುವುದಾದರೂ ಹೇಗೆ?

ಗೆರೆಯಿಂದಲೇ ಚುನಾವಣೆ ಗೆಲ್ಲಬಹುದು ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಓದುಗರಿಗಾಗಿ ಹೇಳುತ್ತೇನೆ. ಒಂದು ಸಮುದಾಯದ ಅಥವಾ ಒಂದು ಪಕ್ಷದ ಕಡೆಯ ಮತದಾರರು ಒಂದೆಡೆ ಒತ್ತಾಗಿ ಇದ್ದರೆ, ಅವರನ್ನು ಮೂರು ಕ್ಷೇತ್ರಗಳಿಗೆ ಒಡೆದು ಹಂಚಿ ಮೂರರಲ್ಲೂ ಅಲ್ಪಸಂಖ್ಯೆಯವರನ್ನಾಗಿ ಮಾಡಬಹುದು. ಅಥವಾ ಅವರೆಲ್ಲರನ್ನೂ ಒಂದೇ ಕ್ಷೇತ್ರಕ್ಕೆ ತುಂಬಿ, ಅಲ್ಲಿ ಅವರು ಭಾರಿ ಅಂತರದಿಂದ ಗೆದ್ದು ಸುತ್ತಲಿನ ಕ್ಷೇತ್ರಗಳಲ್ಲೆಲ್ಲ ಸೋಲುವಂತೆ ಮಾಡಬಹುದು. ಎರಡರಲ್ಲೂ ಒಂದು ಮತವನ್ನೂ ಕದಿಯಬೇಕಿಲ್ಲ, ಒಬ್ಬ ಮತದಾರನ ಹೆಸರನ್ನೂ ಪಟ್ಟಿಯಿಂದ ತೆಗೆಯಬೇಕಿಲ್ಲ. ಇಬ್ಬರು ರೈತರ ನಡುವೆ ಬದುವಿನ ವ್ಯಾಜ್ಯವಿದ್ದಾಗ ಅಳೆಯಲು ಬಂದ ಸರ್ವೆಯವರು ಒಬ್ಬರ ಮನೆಯಲ್ಲಿ ಉಂಡು ಅವರದೇ ಸರಪಳಿ ಹಿಡಿದು ಹೊಲಕ್ಕೆ ಇಳಿದರೆ, ಅಳತೆ ಸರಿಯಾಗಿಯೇ ಇದ್ದರೂ ಎದುರಿನವರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಈ ಅಪಾಯವನ್ನು ನಮ್ಮ ಗಣರಾಜ್ಯದ ಮೊದಲ ತಲೆಮಾರು ಬೇಗ ಗುರುತಿಸಿತ್ತು. ಮೊದಲ ಸಾರ್ವತ್ರಿಕ ಚುನಾವಣೆಯ ಕ್ಷೇತ್ರಗಳನ್ನು ಚುನಾವಣಾ ಆಯೋಗದ ನೆರವಿನಿಂದ ರಾಷ್ಟ್ರಪತಿಗಳ ಆದೇಶದ ಮೂಲಕ ನಿಗದಿ ಮಾಡಲಾಗಿತ್ತು, ಆ ಆದೇಶಗಳನ್ನು ತಿದ್ದುವ ಅಧಿಕಾರ ಸಂಸತ್ತಿಗಿತ್ತು. ಗೆಲ್ಲಬೇಕಾದವರೇ ಗಡಿಯನ್ನೂ ತಿದ್ದಬಹುದಾದ ಆ ಏರ್ಪಾಟನ್ನು 1952ರ ಕಾಯ್ದೆ ಬದಲಿಸಿ ಪ್ರತ್ಯೇಕ ಆಯೋಗವನ್ನು ತಂದಿತು. ಆಮೇಲೆ 1962, 1972 ಮತ್ತು 2002ರ ಕಾಯ್ದೆಗಳೂ ಅದೇ ದಾರಿಯಲ್ಲಿ ನಡೆದವು. 2002ರ ಕಾಯ್ದೆಯ ಪ್ರಕಾರ ಸುಪ್ರೀಂ ಕೋರ್ಟಿನ ಹಾಲಿ ಅಥವಾ ನಿವೃತ್ತ ನ್ಯಾಯಮೂರ್ತಿಯೊಬ್ಬರು ಅಧ್ಯಕ್ಷರು. ಮುಖ್ಯ ಚುನಾವಣಾ ಆಯುಕ್ತರು ಅಥವಾ ಅವರು ಹೆಸರಿಸಿದ ಆಯುಕ್ತರು ಮತ್ತು ಆಯಾ ರಾಜ್ಯದ ಚುನಾವಣಾ ಆಯುಕ್ತರು ಸದಸ್ಯರು. ಪ್ರತಿ ರಾಜ್ಯದಿಂದ ಐವರು ಲೋಕಸಭಾ ಸದಸ್ಯರು, ಐವರು ಶಾಸಕರು ಸಹ ಸದಸ್ಯರಾಗಿ ಕೂರುತ್ತಾರೆ. ಅವರಿಗೆ ಮಾತನಾಡುವ ಅವಕಾಶವಿದೆ, ಮತ ಹಾಕುವ ಅಥವಾ ಸಹಿ ಮಾಡುವ ಅಧಿಕಾರವಿಲ್ಲ. ಕ್ಷೇತ್ರಗಳು ಭೌಗೋಳಿಕವಾಗಿ ಒತ್ತಾಗಿರಬೇಕು, ನದಿ ಬೆಟ್ಟಗಳಂಥ ನೈಸರ್ಗಿಕ ಲಕ್ಷಣಗಳನ್ನೂ ಆಡಳಿತ ಗಡಿಗಳನ್ನೂ ಸಂಚಾರ ಸೌಕರ್ಯವನ್ನೂ ಜನರ ಅನುಕೂಲವನ್ನೂ ಗಮನಿಸಬೇಕು, ಕರಡನ್ನು ಪ್ರಕಟಿಸಿ ಬಹಿರಂಗ ಸಭೆಯಲ್ಲಿ ಆಕ್ಷೇಪಣೆ ಕೇಳಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ.

ಇದು ಬಹಳ ದೊಡ್ಡ ಸಾಧನೆ, ಮತ್ತು ಅದರ ಫಲವನ್ನು ನಮ್ಮ ನೆಲವೇ ಉಂಡಿದೆ. 2002ರ ಕಾಯ್ದೆಯಡಿ ರಚನೆಯಾದ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಆಯೋಗ ಗಡಿಗಳನ್ನು ಬರೆಯುವ ಮೊದಲು ಕರ್ನಾಟಕ ವಿಧಾನಸಭೆಯ 224 ಸ್ಥಾನಗಳಲ್ಲಿ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿದ್ದವು ಎರಡೇ. ನಾಯಕ, ಬೇಡ, ವಾಲ್ಮೀಕಿ ಹೆಸರುಗಳು 1991ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ ನಂತರ ರಾಜ್ಯದಲ್ಲಿ ಪಂಗಡದವರ ಪ್ರಮಾಣ 2001ರ ಜನಗಣತಿಯಲ್ಲಿ ಶೇಕಡಾ 6.55 ಆಗಿತ್ತು. ಅದಕ್ಕೆ ತಕ್ಕಂತೆ ಮೀಸಲು ಸ್ಥಾನಗಳು 15 ಆದವು. ಆ ಹದಿನೈದರಲ್ಲಿ ಕಂಪ್ಲಿ, ಸಿರುಗುಪ್ಪ, ಬಳ್ಳಾರಿ ಗ್ರಾಮೀಣ, ಸಂಡೂರು, ಕೂಡ್ಲಿಗಿ, ರಾಯಚೂರು ಗ್ರಾಮೀಣ, ಮಾನ್ವಿ, ದೇವದುರ್ಗ, ಮಸ್ಕಿ ಈ ಒಂಬತ್ತು ಅವಿಭಜಿತ ಬಳ್ಳಾರಿ ಮತ್ತು ರಾಯಚೂರು ಜಿಲ್ಲೆಗಳವು. ಲೋಕಸಭೆಗೂ ಬಳ್ಳಾರಿ, ರಾಯಚೂರು ಎರಡೂ ಪಂಗಡದ ಮೀಸಲು ಕ್ಷೇತ್ರಗಳಾದವು. ಪಂಗಡದ ಮೀಸಲು ಸ್ಥಾನಗಳು ಅವರ ಪ್ರಮಾಣ ಅತಿ ಹೆಚ್ಚಿರುವ ಕಡೆಯೇ ಇರಬೇಕು ಎಂಬ ನಿಯಮವನ್ನು ಸ್ಥಾನ ಕಳೆದುಕೊಳ್ಳುವ ಪ್ರಬಲ ಶಾಸಕರ ಕೈಗೆ ಕೊಟ್ಟಿದ್ದರೆ ಇದು ಹೀಗೆ ನಡೆಯುತ್ತಿತ್ತು ಎಂದು ನಾನು ನಂಬಲಾರೆ. ಸಂಬಂಧವಿಲ್ಲದವರ ಕೈಯಲ್ಲಿ ನಿಯಮವಿತ್ತು, ಆದ್ದರಿಂದ ನಡೆಯಿತು.

ಇಷ್ಟು ಒಳ್ಳೆಯ ಅಡಿಪಾಯದ ಮೇಲೂ ಬಿರುಕುಗಳಿವೆ. ಅಧ್ಯಕ್ಷರನ್ನು ನೇಮಿಸುವುದು ಕೇಂದ್ರ ಸರ್ಕಾರ ಒಂದೇ. ಚುನಾವಣಾ ಆಯುಕ್ತರ ಆಯ್ಕೆಯಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳೂ ಇರಬೇಕೆಂದು ಸುಪ್ರೀಂ ಕೋರ್ಟ್ 2023ರ ಮಾರ್ಚ್‌ನಲ್ಲಿ ಹೇಳಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂದ ಕಾಯ್ದೆ ಆ ಜಾಗದಲ್ಲಿ ಕೇಂದ್ರದ ಸಚಿವರೊಬ್ಬರನ್ನು ಕೂರಿಸಿತು. ಪ್ರಧಾನಿ, ಅವರ ಸಂಪುಟದ ಸಚಿವರು, ವಿರೋಧ ಪಕ್ಷದ ನಾಯಕರು ಇರುವ ಮೂವರ ಸಮಿತಿಯಲ್ಲಿ ಬಹುಮತ ಯಾವಾಗಲೂ ಸರ್ಕಾರದ್ದೇ. ಯಾವ ಪಕ್ಷ ದೆಹಲಿಯಲ್ಲಿದ್ದರೂ ಈ ಮಾತು ನಿಜವಾಗಿಯೇ ಇರುತ್ತದೆ. ಮೂರನೆಯ ಸದಸ್ಯರಾದ ರಾಜ್ಯ ಚುನಾವಣಾ ಆಯುಕ್ತರು ರಾಜ್ಯ ಸರ್ಕಾರದ ಶಿಫಾರಸಿನಿಂದ ಬಂದವರು. ಹೀಗೆ ಮೂವರೂ ಸರ್ಕಾರಗಳ ಬಾಗಿಲಿನಿಂದಲೇ ಒಳಗೆ ಬರುತ್ತಾರೆ. ಅವರು ಪಕ್ಷಪಾತಿಗಳೆಂದು ನಾನು ಹೇಳುತ್ತಿಲ್ಲ. ಅವರ ಪ್ರಾಮಾಣಿಕತೆಯನ್ನು ಅವರ ಮನಸ್ಸಿಗೆ ಮಾತ್ರ ಬಿಟ್ಟು, ಕಾಯ್ದೆಯಲ್ಲಿ ಅದಕ್ಕೊಂದು ಕಾವಲು ಇಡದಿರುವುದು ಸರಿಯಲ್ಲ ಎನ್ನುತ್ತಿದ್ದೇನೆ.

ಇನ್ನೊಂದು ಬಿರುಕು ಆಯೋಗದ ಹೊರಗೆ ಇದೆ. ಅಸ್ಸಾಮಿನಲ್ಲಿ ಕ್ಷೇತ್ರ ಪುನರ್ವಿಂಗಡಣೆಗಾಗಿ 2023ರ ಜನವರಿ 1ರಿಂದ ಜಿಲ್ಲೆ ತಾಲ್ಲೂಕುಗಳ ಗಡಿ ಬದಲಿಸಬಾರದೆಂದು ಚುನಾವಣಾ ಆಯೋಗ ತಡೆ ಹಾಕಿತ್ತು. ಅದರ ಹಿಂದಿನ ದಿನ, 2022ರ ಡಿಸೆಂಬರ್ 31ರಂದು, ರಾಜ್ಯ ಸಚಿವ ಸಂಪುಟ ನಾಲ್ಕು ಜಿಲ್ಲೆಗಳನ್ನು ಬೇರೆ ಜಿಲ್ಲೆಗಳೊಂದಿಗೆ ವಿಲೀನ ಮಾಡಿತು. ಗೆರೆ ಎಳೆಯುವ ಆಯೋಗ ಎಷ್ಟೇ ಸ್ವತಂತ್ರವಾಗಿದ್ದರೂ ಅದು ಆಧಾರವಾಗಿ ಹಿಡಿಯುವ ಆಡಳಿತ ಗಡಿಗಳನ್ನೇ ಹಿಂದಿನ ರಾತ್ರಿ ಬದಲಿಸಿಬಿಟ್ಟರೆ ಆ ಸ್ವಾತಂತ್ರ್ಯದಿಂದ ಏನು ಪ್ರಯೋಜನ? ಕಾರಟಗಿ, ಕನಕಗಿರಿ, ಕುಕನೂರು, ಮಸ್ಕಿ, ಸಿರವಾರ, ಕಂಪ್ಲಿ, ಕುರುಗೋಡು ಎಂದು ಹೊಸ ತಾಲ್ಲೂಕುಗಳು ಹುಟ್ಟಿರುವ, ಹೊಸ ಜಿಲ್ಲೆಯೊಂದು ಎದ್ದಿರುವ ನಮ್ಮ ಭಾಗದಲ್ಲಿ ಇದು ದೂರದ ಮಾತಲ್ಲ. ಆಯೋಗ ಮುಗಿಸಿದ ಕೆಲಸವನ್ನು ಸರ್ಕಾರ ಬದಿಗಿಟ್ಟ ಉದಾಹರಣೆಯೂ ಇದೆ: ಜಾರ್ಖಂಡಿನ ಆದೇಶವನ್ನು 2008ರಲ್ಲಿ ಕಾಯ್ದೆಗೆ ಹೊಸ ಕಲಮು ಸೇರಿಸಿ ಮುಂದೂಡಲಾಯಿತು. ಅಲ್ಲಿ ಪರಿಶಿಷ್ಟ ಪಂಗಡದ ಸ್ಥಾನಗಳು ಕಡಿಮೆಯಾಗುತ್ತಿದ್ದವು ಎಂಬ ಕಾರಣಕ್ಕೆ ತೂಕವಿತ್ತು. ಆದರೆ ಕಾರಣ ಒಳ್ಳೆಯದಿದ್ದಾಗ ತೆರೆದ ಬಾಗಿಲು ಕಾರಣ ಕೆಟ್ಟದಿದ್ದಾಗಲೂ ತೆರೆದೇ ಇರುತ್ತದೆ.

ನ್ಯಾಯಾಲಯಕ್ಕೆ ಹೋಗಬಹುದಲ್ಲ ಎಂದರೆ, ಸಂವಿಧಾನದ 329ನೆಯ ವಿಧಿ ಅಡ್ಡ ನಿಂತಿದೆ. ಆಯೋಗದ ಆದೇಶ ಪ್ರಕಟವಾದ ಮೇಲೆ ಅದಕ್ಕೆ ಕಾನೂನಿನ ಬಲ ಬರುತ್ತದೆ, ಅದನ್ನು ಪ್ರಶ್ನಿಸುವಂತಿಲ್ಲ ಎಂದು ಮೇಘರಾಜ್ ಕೊಠಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದಶಕಗಳ ಹಿಂದೆಯೇ ಹೇಳಿದೆ. ಸ್ಪಷ್ಟವಾಗಿ ಸ್ವೇಚ್ಛೆಯಿಂದ ಕೂಡಿದ, ಸಂವಿಧಾನದ ಮೌಲ್ಯಗಳಿಗೆ ಹೊಂದದ ಆದೇಶವನ್ನು ಪರಿಶೀಲಿಸುವ ಅಧಿಕಾರ ನ್ಯಾಯಾಲಯಗಳಿಗೆ ಉಳಿದಿದೆ ಎಂದು ಅದೇ ನ್ಯಾಯಾಲಯ 2024ರಲ್ಲಿ ತುಸು ಬಾಗಿಲು ತೆರೆದಿದೆ. ಪ್ರತಿ ಗಡಿಯೂ ಮೊಕದ್ದಮೆಯಾದರೆ ಚುನಾವಣೆಯೇ ನಡೆಯುವುದಿಲ್ಲ, ಆದ್ದರಿಂದ ಈ ತಡೆಗೆ ಅರ್ಥವಿದೆ. ಆದರೆ ಮೇಲ್ಮನವಿಯಿಲ್ಲದ ಅಧಿಕಾರವನ್ನು ಒಬ್ಬರಿಗೆ ಕೊಟ್ಟಾಗ ಅದನ್ನು ಚಲಾಯಿಸುವ ವಿಧಾನದಲ್ಲೇ ನ್ಯಾಯವನ್ನು ತುಂಬಬೇಕಾಗುತ್ತದೆ. ಸ್ವೇಚ್ಛೆಯೇ ಅಲ್ಲವೇ ಎಂದು ನ್ಯಾಯಾಲಯ ನೋಡಬೇಕಾದರೂ ಅದರ ಮುಂದೆ ಲಿಖಿತ ಕಾರಣವೊಂದು ಇರಬೇಕಲ್ಲವೇ?

ಬೇರೆ ದೇಶಗಳ ಅನುಭವ ಎರಡು ಬಗೆಯ ಪಾಠ ಹೇಳುತ್ತದೆ. ಬ್ರಿಟನ್ನಿನಲ್ಲಿ ಒಂದು ಕ್ಷೇತ್ರದ ಮತದಾರರ ಸಂಖ್ಯೆ ಸರಾಸರಿಗಿಂತ ಶೇಕಡಾ 5ಕ್ಕಿಂತ ಹೆಚ್ಚು ಆಚೀಚೆ ಆಗಬಾರದೆಂದು, ಕೆಲವು ದ್ವೀಪಗಳನ್ನು ಬಿಟ್ಟು, ಕಾನೂನೇ ಹೇಳುತ್ತದೆ. 2020ರ ಕಾಯ್ದೆಯ ನಂತರ ಅಲ್ಲಿಯ ಗಡಿ ಆಯೋಗಗಳ ಶಿಫಾರಸುಗಳನ್ನು ತಡೆಯುವ ಅಧಿಕಾರ ಸಂಸತ್ತಿಗೂ ಉಳಿದಿಲ್ಲ. ಕೆನಡಾದಲ್ಲಿ 1964ರ ಕಾಯ್ದೆಯಂತೆ ಪ್ರತಿ ಪ್ರಾಂತ್ಯಕ್ಕೂ ಮೂವರ ಪ್ರತ್ಯೇಕ ಆಯೋಗವಿದೆ. ಅಮೆರಿಕದಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ಗಡಿ ಬರೆಯುವವರು ಶಾಸಕರೇ. ಮ್ಯಾಸಚೂಸೆಟ್ಸ್‌ನಲ್ಲಿ 1812ರಲ್ಲಿ ರಾಜ್ಯಪಾಲ ಎಲ್‌ಬ್ರಿಡ್ಜ್ ಗೆರಿ ಸಹಿ ಮಾಡಿದ, ಹಲ್ಲಿಯಂತೆ ಬಾಗಿ ಬಳುಕಿದ ಕ್ಷೇತ್ರದ ಕಾಲದಿಂದಲೂ ಈ ರೋಗ ಅಲ್ಲಿದೆ. ಅರಿಜೋನಾ 2000ದಲ್ಲಿ, ಕ್ಯಾಲಿಫೋರ್ನಿಯಾ 2008ರಲ್ಲಿ, ಮಿಶಿಗನ್ 2018ರಲ್ಲಿ ಜನಮತದ ಮೂಲಕ ಸ್ವತಂತ್ರ ಆಯೋಗಗಳನ್ನು ತಂದವು. ಕ್ಯಾಲಿಫೋರ್ನಿಯಾದ 14 ಸದಸ್ಯರಲ್ಲಿ ಎರಡು ದೊಡ್ಡ ಪಕ್ಷಗಳ ಕಡೆಯವರು ಐದೈದು ಜನ, ಎರಡಕ್ಕೂ ಸೇರದವರು ನಾಲ್ವರು. ಇಷ್ಟು ಕಾಳಜಿಯಿಂದ ಕಟ್ಟಿದ್ದು 2025ರಲ್ಲಿ ಅಲುಗಾಡಿತು: ಟೆಕ್ಸಾಸ್ ರಾಜ್ಯ ದಶಕದ ನಡುವೆಯೇ ತನ್ನ ಕ್ಷೇತ್ರಗಳನ್ನು ಆಳುವ ಪಕ್ಷಕ್ಕೆ ಅನುಕೂಲವಾಗುವಂತೆ ತಿದ್ದಿದಾಗ, ಅದಕ್ಕೆ ಎದುರಾಗಿ ಕ್ಯಾಲಿಫೋರ್ನಿಯಾದ ಮತದಾರರೇ ತಮ್ಮ ಆಯೋಗದ ಸಂಸದೀಯ ನಕ್ಷೆಯನ್ನು ತಾತ್ಕಾಲಿಕವಾಗಿ ಬದಿಗಿಡಲು ಒಪ್ಪಿಗೆ ಕೊಟ್ಟರು. ಒಂದು ರಾಜ್ಯ ನಿಯಮಕ್ಕೆ ಬದ್ಧವಾಗಿ, ಇನ್ನೊಂದು ರಾಜ್ಯ ಬದ್ಧವಾಗದೆ ಇದ್ದರೆ ಒಳ್ಳೆಯ ಆಯೋಗವೂ ಬಾಳುವುದಿಲ್ಲ. ನಮ್ಮಲ್ಲಿ ಸಂಸತ್ತಿನ ಒಂದೇ ಕಾಯ್ದೆ ಎಲ್ಲ ರಾಜ್ಯಗಳನ್ನೂ ಕಟ್ಟುತ್ತದೆ. ಅಮೆರಿಕದವರಿಗೆ ಇಲ್ಲದ ಈ ಅನುಕೂಲವನ್ನು ನಾವು ಹಾಳು ಮಾಡಿಕೊಳ್ಳಬಾರದು.

ನಮ್ಮ ರಾಜ್ಯದೊಳಗೇ ಮುಂದೆ ಬರುವ ಒತ್ತಡವನ್ನು ಅಂಕಿಗಳಲ್ಲಿ ನೋಡಿ. 2011ರ ಜನಗಣತಿಯ ಪ್ರಕಾರ ರಾಜ್ಯದ 6.11 ಕೋಟಿ ಜನರನ್ನು 224ರಿಂದ ಭಾಗಿಸಿದರೆ ಒಂದು ಕ್ಷೇತ್ರಕ್ಕೆ ಸುಮಾರು 2.73 ಲಕ್ಷ ಜನ. ಅವಿಭಜಿತ ಬಳ್ಳಾರಿಯ ಒಂಬತ್ತು, ರಾಯಚೂರಿನ ಏಳು, ಕೊಪ್ಪಳದ ಐದು ಕ್ಷೇತ್ರಗಳ ಸರಾಸರಿಯೂ 2.73ರಿಂದ 2.78 ಲಕ್ಷದ ನಡುವೆಯೇ ಬರುತ್ತದೆ. ಬೆಂಗಳೂರು ನಗರ ಜಿಲ್ಲೆಯ 28 ಕ್ಷೇತ್ರಗಳ ಸರಾಸರಿ ಮಾತ್ರ 3.44 ಲಕ್ಷ. ಸ್ಥಾನಗಳು 224ರಲ್ಲೇ ಉಳಿದರೆ 2011ರ ಲೆಕ್ಕದಲ್ಲೇ ಬೆಂಗಳೂರಿಗೆ 35 ಸ್ಥಾನ ಸಲ್ಲಬೇಕು, ಆ ಏಳು ಸ್ಥಾನಗಳು ಉಳಿದ ಜಿಲ್ಲೆಗಳಿಂದಲೇ ಹೋಗಬೇಕು. 2011ರ ನಂತರ ನಮ್ಮ ಭಾಗದಿಂದ ಎಷ್ಟು ಕುಟುಂಬಗಳು ದುಡಿಯಲು ಬೆಂಗಳೂರಿಗೆ ಗುಳೆ ಹೋಗಿವೆ ಎಂಬುದನ್ನು ದೇವದುರ್ಗ, ಲಿಂಗಸುಗೂರು, ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳ ಬೀಗ ಹಾಕಿದ ಮನೆಗಳು ಹೇಳುತ್ತವೆ. ಗಣತಿಯ ದಿನ ಅವರು ಬೆಂಗಳೂರಿನ ಶೆಡ್ಡಿನಲ್ಲಿ ಎಣಿಕೆಯಾದರೆ ಅವರ ಹಳ್ಳಿಯ ಪಾಲು ಇಲ್ಲಿ ಕಡಿಮೆಯಾಗುತ್ತದೆ, ಅವರ ಮತದಾರರ ಚೀಟಿ ಮಾತ್ರ ಇಲ್ಲಿಯೇ ಇರುತ್ತದೆ. ಇದಕ್ಕೆ ಏನು ಪರಿಹಾರ ಎಂಬುದು ಕಠಿಣ ಪ್ರಶ್ನೆ. ಆದರೆ ಅದನ್ನು ಕೇಳಿಸಿಕೊಳ್ಳುವ ಸಭೆ ನಮ್ಮೂರಿಗೆ ಬರಬೇಕು. ಇದರ ಮೇಲೆ, 2023ರ 106ನೆಯ ತಿದ್ದುಪಡಿಯ ಪ್ರಕಾರ ಮಹಿಳೆಯರಿಗೆ ಮೂರನೆಯ ಒಂದು ಭಾಗ ಮೀಸಲಾತಿಯನ್ನು ಕ್ಷೇತ್ರ ಪುನರ್ವಿಂಗಡಣೆಯೊಂದಿಗೇ ಜೋಡಿಸಿದ್ದಾರೆ. ಯಾವ ಕ್ಷೇತ್ರ ಯಾರಿಗೆ ಎಂಬ ತೀರ್ಮಾನದ ಭಾರ ಹಿಂದೆಂದಿಗಿಂತ ಈ ಬಾರಿ ಹೆಚ್ಚು.

ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಪಾಡನ್ನು ನೋಡಿದರೆ ಗಡಿ ಬರೆಯುವ ಅಧಿಕಾರ ಸರ್ಕಾರದ ಹತ್ತಿರಕ್ಕೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅವುಗಳಿಗೆ 2016ರಲ್ಲಿ ಚುನಾವಣೆ ನಡೆಯಿತು, 2021ರಲ್ಲಿ ಅವಧಿ ಮುಗಿಯಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ತಂದು ಕ್ಷೇತ್ರ ರಚನೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಸರ್ಕಾರ ರಚಿಸುವ ಸೀಮಾ ನಿರ್ಣಯ ಆಯೋಗಕ್ಕೆ ಕೊಡಲಾಯಿತು. ಸರ್ಕಾರ ಬದಲಾಯಿತು, ಪಕ್ಷ ಬದಲಾಯಿತು, ಚುನಾವಣೆ ಮಾತ್ರ ವರ್ಷಗಟ್ಟಲೆ ಬರಲಿಲ್ಲ. ಕ್ಷೇತ್ರ ವಿಂಗಡಣೆಯ ನೆಪದಲ್ಲಿ ಸ್ಥಳೀಯ ಚುನಾವಣೆಯನ್ನು ಐದು ವರ್ಷ ದಾಟಿಸಬಾರದು ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಅಹಮದಾಬಾದ್ ಮಹಾನಗರ ಪಾಲಿಕೆಯ ಪ್ರಕರಣದಲ್ಲೂ, 2022ರಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲೂ ಹೇಳಿದೆ. ಕುಡಿಯುವ ನೀರಿನ ಯೋಜನೆ, ಶಾಲಾ ಕೊಠಡಿ, ಆರೋಗ್ಯ ಕೇಂದ್ರ ಎಂದು ಸದಸ್ಯರ ಬಳಿ ಹೋಗಿ ಕೇಳುತ್ತಿದ್ದ ಜನ ಈಗ ಆಡಳಿತಾಧಿಕಾರಿಗಳ ಕಚೇರಿಯ ಹೊರಗೆ ನಿಲ್ಲಬೇಕಾಗಿದೆ. ನಮ್ಮ ಭಾಗದ ಒಂದು ಊರಿನ ವಾರ್ಡು ವಿಂಗಡಣೆಗೆ ನಾವು ಕೆಲವರು ನಕ್ಷೆ ಸಮೇತ ಆಕ್ಷೇಪಣೆ ಕೊಟ್ಟಿದ್ದೆವು. ಬಂದ ಉತ್ತರದಲ್ಲಿ "ಪರಿಶೀಲಿಸಿ ತಿರಸ್ಕರಿಸಲಾಗಿದೆ" ಎಂಬುದಕ್ಕಿಂತ ಹೆಚ್ಚಿಗೆ ಒಂದು ಪದವೂ ಇರಲಿಲ್ಲ. ಒಂದೇ ಬಡಾವಣೆಯನ್ನು ನಡುವೆ ಸೀಳಿ ಎರಡು ವಾರ್ಡಿಗೆ ಹಂಚಿದ್ದು ಏಕೆ ಎಂಬುದು ಆ ಬಡಾವಣೆಯವರಿಗೆ ಇಂದಿಗೂ ತಿಳಿದಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ಮುಂದಿನ ಕ್ಷೇತ್ರ ಪುನರ್ವಿಂಗಡಣಾ ಕಾಯ್ದೆ ಸದನಕ್ಕೆ ಬಂದಾಗ, ಆಯೋಗದ ಅಧ್ಯಕ್ಷರನ್ನು ಸರ್ಕಾರ ಒಂದೇ ನೇಮಿಸದೆ, ಭಾರತದ ಮುಖ್ಯ ನ್ಯಾಯಮೂರ್ತಿಗಳೂ ವಿರೋಧ ಪಕ್ಷದ ನಾಯಕರೂ ಇರುವ, ಸರ್ಕಾರಕ್ಕೆ ಬಹುಮತವಿಲ್ಲದ ಸಮಿತಿಯೊಂದು ಆರಿಸಬೇಕೆಂದು ತಾವು ತಿದ್ದುಪಡಿ ಸೂಚಿಸಬೇಕು. ಆಯೋಗದಲ್ಲಿ ಕುಳಿತವರು ಮುಂದೆ ಕೆಲವು ವರ್ಷ ಯಾವ ಸರ್ಕಾರಿ ಹುದ್ದೆಯನ್ನೂ ಒಪ್ಪಬಾರದು, ಯಾವ ಪಕ್ಷದ ಟಿಕೆಟನ್ನೂ ಪಡೆಯಬಾರದು. ಸಹ ಸದಸ್ಯರಾಗಿ ಕೂರುವ ಸಂಸದರು ಮತ್ತು ಶಾಸಕರು ಹೇಳಿದ ಪ್ರತಿ ಸಲಹೆಯೂ, ಯಾವ ಹಳ್ಳಿಯನ್ನು ಎಲ್ಲಿಗೆ ಸೇರಿಸಲು ಯಾರು ಕೇಳಿದರು ಎಂಬುದರ ಸಮೇತ, ಪ್ರಕಟವಾಗಬೇಕು. ಮತವಿಲ್ಲದವರ ಮಾತಿಗೂ ಮುಚ್ಚಿದ ಕೋಣೆಯಲ್ಲಿ ಬೆಲೆ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಸರಾಸರಿಯಿಂದ ಎಷ್ಟು ಪ್ರಮಾಣ ಆಚೀಚೆ ಹೋಗಬಹುದು ಎಂಬ ಮಿತಿ ಕಾಯ್ದೆಯಲ್ಲೇ ಇರಬೇಕು, ಅದನ್ನು ಮೀರಿದ ಕ್ಷೇತ್ರಕ್ಕೆ ವಿಶೇಷ ಕಾರಣ ಬರೆಯಬೇಕು. ಜಿಲ್ಲೆ ಮತ್ತು ತಾಲ್ಲೂಕುಗಳ ಗಡಿಯನ್ನು ಬದಲಿಸದಂತೆ ಹಾಕುವ ತಡೆಯ ದಿನಾಂಕ ಕಾಯ್ದೆ ಅಂಗೀಕಾರವಾಗುವ ದಿನಕ್ಕಿಂತ ಸಾಕಷ್ಟು ಮೊದಲೇ ಇರಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಕರಡು ಆದೇಶ ಕನ್ನಡದಲ್ಲಿ, ಹಳ್ಳಿಯ ಹೆಸರು ಓದಬಹುದಾದ ನಕ್ಷೆಗಳೊಂದಿಗೆ, ಪ್ರತಿ ಗ್ರಾಮ ಪಂಚಾಯಿತಿ ಕಚೇರಿಗೂ ಬರಬೇಕು. ಪ್ರತಿ ಕ್ಷೇತ್ರದ ಜೊತೆಗೆ ಒಂದು ಪುಟದ ಕಾರಣ ಇರಬೇಕು: ಈ ಹೋಬಳಿಯನ್ನು ಏಕೆ ಸೇರಿಸಲಾಯಿತು, ಬೇರೆ ಯಾವ ಪರ್ಯಾಯವನ್ನು ನೋಡಲಾಯಿತು, ಅದನ್ನು ಏಕೆ ಕೈಬಿಡಲಾಯಿತು. ಆಕ್ಷೇಪಣೆಗೆ ಕನಿಷ್ಠ ಎರಡು ತಿಂಗಳ ಅವಕಾಶ ಬೇಕು. ಬಿತ್ತನೆಯ ಅಥವಾ ಕಟಾವಿನ ನಡುವೆ ಹತ್ತು ಹದಿನೈದು ದಿನಗಳ ಗಡುವು ಕೊಟ್ಟರೆ ಅದು ಕೊಡದೇ ಇದ್ದಂತೆ. ವಿಚಾರಣೆಯ ಸಭೆಗಳು ಬೆಂಗಳೂರಿನಲ್ಲಿ ಮಾತ್ರ ನಡೆದು ಮುಗಿಯದೆ ಬಳ್ಳಾರಿ, ಹೊಸಪೇಟೆ, ಕೊಪ್ಪಳ, ರಾಯಚೂರುಗಳಲ್ಲೂ ನಡೆಯಬೇಕು. ಅಲ್ಲಿ ಹಳ್ಳಿಯವರು ಆಡಿದ ಮಾತು ದಾಖಲಾಗಬೇಕು, ಪ್ರತಿ ಆಕ್ಷೇಪಣೆಗೂ ಕಾರಣ ಸಹಿತ ಉತ್ತರ ಬರಬೇಕು. ಇದರಿಂದ ಕೆಲಸ ತಡವಾಗುತ್ತದೆ ಎಂದು ಅಧಿಕಾರಿಗಳು ಹೇಳಬಹುದು. ಹತ್ತಾರು ವರ್ಷ ಬದಲಾಗದೆ ಉಳಿಯುವ ಗಡಿಗೆ ಕೆಲವು ತಿಂಗಳು ಹೆಚ್ಚು ಹಿಡಿದರೆ ಯಾರಿಗೂ ನಷ್ಟವಿಲ್ಲ.

ಈ ಕಾಯ್ದೆಯಿಂದ ತಮ್ಮ ಸ್ವಂತ ಕ್ಷೇತ್ರದ ಆಕಾರವೂ ಬದಲಾಗುತ್ತದೆ, ಮೀಸಲಾತಿ ಬದಲಾಗಿ ತಾವು ಸ್ಪರ್ಧಿಸಲು ಸಾಧ್ಯವಾಗದೆಯೂ ಹೋಗಬಹುದು ಎಂಬುದು ನನಗೆ ತಿಳಿದಿದೆ. ಅದಕ್ಕಾಗಿಯೇ ತಮ್ಮ ನಿಲುವು ಕರಡು ನಕ್ಷೆ ಹೊರಬರುವ ಮೊದಲೇ ಜನರಿಗೆ ಗೊತ್ತಾಗಬೇಕು. ನಕ್ಷೆ ಬಂದ ಮೇಲೆ ಆಡುವ ತತ್ವದ ಮಾತನ್ನು ಯಾರೂ ನಂಬುವುದಿಲ್ಲ. ಮೇಲಿನ ಬೇಡಿಕೆಗಳಲ್ಲಿ ಯಾವುದನ್ನು ಒಪ್ಪುತ್ತೀರಿ, ಯಾವುದನ್ನು ಒಪ್ಪುವುದಿಲ್ಲ, ಏಕೆ ಎಂಬುದನ್ನು ತಾವು ಮೂವರೂ ಬರಹದಲ್ಲಿ ತಿಳಿಸಬೇಕೆಂದು ಕೋರುತ್ತೇನೆ. ಬಂದ ಉತ್ತರಗಳನ್ನು ಸಿಂಧನೂರು, ಸಿರುಗುಪ್ಪ, ಮಾನ್ವಿ ಮತ್ತು ಹರಪನಹಳ್ಳಿಯ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಎಲ್ಲರೂ ಓದುವಂತೆ ಇಡಲು ನಾವು ಕೆಲವು ನಿವೃತ್ತ ಶಿಕ್ಷಕರು ಅನುಮತಿ ಕೇಳುತ್ತೇವೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ
ಸಿಂಧನೂರು, ರಾಯಚೂರು ಜಿಲ್ಲೆ
(ಕೊಪ್ಪಳ ಲೋಕಸಭಾ ಕ್ಷೇತ್ರದ ಮತದಾರ)